ಅಂಜುವ ಕೈಗೆ ಸೂಜಿ

ಮಾಸ್ತರರ ಎಡಗೈಯಲ್ಲಿ, ಹೆಬ್ಬೆರಳೂ ತೋರುಬೆರಳೂ ಕೂಡುವಲ್ಲಿ ಉಬ್ಬುವ ಮಾಂಸದ ಮೇಲೆ, ಜೋಳದ ಕಾಳಿನಷ್ಟು ಒಂದು ಗಟ್ಟಿ ಜಾಗವಿತ್ತು. ಚರ್ಮ ಅಲ್ಲಿ ಕಪ್ಪಾಗಿ ಹೊಳಪು ಬಂದಿತ್ತು, ಒತ್ತಿದರೂ ತಗ್ಗುತ್ತಿರಲಿಲ್ಲ. ಅವರಲ್ಲಿ ಕಲಿಯಲು ಬಂದವರೆಲ್ಲ ಮೊದಲ ಸೂಜಿ ಚುಚ್ಚಿದ್ದು ಅಲ್ಲೇ. ನನ್ನದೂ ಅಲ್ಲೇ. ಚುಚ್ಚುವಾಗ ನನ್ನ ಕೈ ಎಷ್ಟು ನಡುಗಿತೆಂದರೆ ಸೂಜಿ ಒಂದಿದ್ದದ್ದು ನನಗೆ ಎರಡಾಗಿ ಕಂಡಿತು. ಅದು ಒಳಗೆ ಹೋದದ್ದೇ ನಾನು ನೆಲದ ಮೇಲೆ ಕುಳಿತುಬಿಟ್ಟೆ. ಅವರು ಸೂಜಿಯನ್ನು ಕೈಯಲ್ಲೇ ಬಿಟ್ಟುಕೊಂಡು, ಇನ್ನೊಂದು ಕೈಯಿಂದ ನನಗೆ ನೀರಿನ ತಂಬಿಗೆ ಕೊಟ್ಟರು.

ಇದು ಚೀನಾ ದೇಶದ ಸೂಜಿ ವೈದ್ಯ. ಕೂದಲಿಗಿಂತ ತುಸು ದಪ್ಪನೆಯ ಸೂಜಿ, ಅದರಲ್ಲಿ ಔಷಧ ಏನೂ ಇರುವುದಿಲ್ಲ. ಮೈಮೇಲೆ ಗೊತ್ತಾದ ಜಾಗಗಳಲ್ಲಿ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ತೆಗೆಯುವುದು. ಕೈಯ ಆ ಜಾಗಕ್ಕೆ ಅವರ ಭಾಷೆಯಲ್ಲಿ ಏನೋ ಹೆಸರಿದೆ, ಮಾಸ್ತರರು ಅದನ್ನು ಕನ್ನಡಕ್ಕೆ ತಂದು ಕೂಡುಕಣಿವೆ ಎನ್ನುತ್ತಿದ್ದರು. ತಲೆನೋವಿಗೆ, ಹಲ್ಲುನೋವಿಗೆ ಅದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅದರಷ್ಟು ಅಂಜಬೇಕಾದ ಜಾಗವೂ ಇನ್ನೊಂದಿಲ್ಲ ಎನ್ನುವುದು ನನ್ನ ತಲೆಯ ಮೇಲೆ ಬಂದಾಗ ತಿಳಿಯಿತು.

ಶಹಾಪುರದಲ್ಲಿ ಅವರನ್ನು ಎಲ್ಲರೂ ಸೂಜಿ ಮಾಸ್ತರ ಎಂದೇ ಕರೆಯುತ್ತಿದ್ದರು, ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹುಟ್ಟಿದ್ದು ಯಾದಗಿರಿ ಪಕ್ಕದ ಮುದನಾಳದ ಒಕ್ಕಲು ಮನೆಯಲ್ಲಿ. ರೈಲ್ವೆ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನೌಕರಿ ಸಿಕ್ಕು ಕಲ್ಕತ್ತೆಯ ಕಡೆ ಹೋದರು. ಅಲ್ಲಿ ಸೊಂಟ ಹಿಡಿದು ಏಳಲಾರದೆ ಬಿದ್ದಾಗ ಚೀನೀಯರ ಓಣಿಯ ಒಬ್ಬ ಮುದುಕ ಸೂಜಿ ಹಾಕಿ ಎಬ್ಬಿಸಿದನಂತೆ. ಎದ್ದವರು ಆ ಮುದುಕನ ಬೆನ್ನು ಹತ್ತಿ ಹನ್ನೊಂದು ವರ್ಷ ಬಿಡಲಿಲ್ಲ. ನೌಕರಿ ಮುಗಿಸಿ ಊರ ಕಡೆ ಬಂದಾಗ ಯಾದಗಿರಿ ಬಿಟ್ಟು ಶಹಾಪುರದಲ್ಲಿ ಕೋಣೆ ಹಿಡಿದದ್ದು ನಮ್ಮ ಗುಡ್ಡದ ಸಲುವಾಗಿ. ಬುದ್ಧ ಅಂಗಾತ ಮಲಗಿದ ಹಾಗೆ ಕಾಣುವ ಆ ಗುಡ್ಡ ಅವರ ಕಿಟಕಿಯಿಂದ ನೇರ ಕಾಣುತ್ತಿತ್ತು. "ನಮ್ಮ ಗುರುವಿನ ದೇವರು ಇಲ್ಲೇ ಮಲಗ್ಯಾನ, ನಾ ಮತ್ತೆಲ್ಲಿ ಹೋಗ್ಲಿ" ಎನ್ನುತ್ತಿದ್ದರು.

ಗುರುವಿನ ಒಂದು ಫೋಟೊ ಗೋಡೆಯ ಮೇಲಿತ್ತು. ಬೋಳುತಲೆ, ಗದ್ದದ ತುದಿಯಲ್ಲಿ ನಾಲ್ಕೇ ಕೂದಲು, ಯಾರೋ ಈಗ ಹೊಡೆಯುತ್ತಾರೆ ಎನ್ನುವಂಥ ಕಣ್ಣು. ದಿನಾ ಮುಂಜಾನೆ ಬಾಗಿಲು ತೆರೆದ ಕೂಡಲೇ ಅದರ ಮುಂದೆ ಒಂದು ಕಪ್ ಕರಿ ಚಹಾ ಇಟ್ಟು, ಆರುವ ತನಕ ಕೈಮುಗಿದು ನಿಲ್ಲಬೇಕು. ನಾನು ಒಮ್ಮೆ ಮರೆತು ಹಾಲು ಹಾಕಿದ್ದಕ್ಕೆ, "ಹಾಲು ಸಕ್ರಿ ನಿಮ್ಮವ್ವಗ ಕೊಡು, ಈತ ಮಾರಿ ತಿರುವ್ತಾನ" ಎಂದರು. ಚೀನಾದ ಜೊತೆ ಯುದ್ಧವಾದಾಗ ಪೊಲೀಸರು ಬಂದು ಆ ಗುರುವನ್ನು ದೂರದ ಯಾವುದೋ ಕ್ಯಾಂಪಿಗೆ ಒಯ್ದಿದ್ದರಂತೆ. ವರ್ಷಗಟ್ಟಲೆ ಇಟ್ಟುಕೊಂಡು ಬಿಟ್ಟರಂತೆ. ಅಂದಿನಿಂದ ಆತ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿಯೇ ಕೂಡುತ್ತಿದ್ದ. ನಮ್ಮ ಮಾಸ್ತರರನ್ನು ಯಾವ ಪೊಲೀಸರೂ ಒಯ್ದಿರಲಿಲ್ಲ, ಆದರೂ ಅವರು ಕೂಡುತ್ತಿದ್ದುದು ಹಾಗೆಯೇ. ಗುರುವಿನಿಂದ ವಿದ್ಯೆ ಒಂದೇ ಬರುವುದಿಲ್ಲ ಎಂದು ನಾನು ನೋಡಿಯೇ ಕಲಿತೆ.

ನಾನು ಜಂಪರ್ ಹೊಲಿಯುವವಳು. ಮೂವತ್ತು ದಾಟಿದ್ದೆ, ಮದುವೆಯ ಮಾತು ಊರವರ ಬಾಯಲ್ಲಿ ಮಾತ್ರ ಉಳಿದಿತ್ತು. ಅವ್ವನ ಮೊಣಕಾಲು ನೋವಿಗೆ ಅವಳನ್ನು ಕರೆದುಕೊಂಡು ಮಾಸ್ತರರ ಕೋಣೆಗೆ ಹೋಗಿ ಹೋಗಿ, ಅವಳು ನಡೆಯುವಂತಾದ ಮೇಲೂ ನಾನು ಹೋಗುವುದು ನಿಲ್ಲಲಿಲ್ಲ. ಅದೇ ತಿಂಗಳು ಹೈದರಾಬಾದಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿದ ಒಬ್ಬ ಗಟ್ಟಿ ಆಳು ಸರ್ಟಿಫಿಕೇಟ್ ಹಿಡಿದು ಬಂದಿದ್ದ. ಮಾಸ್ತರರು ಅವನಿಗೂ ಎಡಗೈ ಚಾಚಿದರು. ಅವನು ಮಾತಾಡುತ್ತಲೇ, ಬೇರೆ ಕಡೆ ನೋಡುತ್ತಲೇ, ಸರಕ್ಕನೆ ಹಾಕಿಬಿಟ್ಟ. ಜಾಗ ಸರಿಯಾಗೇ ಇತ್ತು. ಅವನಿಗೆ ಚಹಾ ಕುಡಿಸಿ, ಬೆನ್ನು ಚಪ್ಪರಿಸಿ ಕಳಿಸಿಬಿಟ್ಟರು. ನೆಲಕ್ಕೆ ಕುಸಿದ ನನ್ನನ್ನು ಇಟ್ಟುಕೊಂಡರು.

"ಆತಂದು ನಂದಕಿಂತ ಛಲೋ ಬಿದ್ದಿತ್ತಲ್ರಿ" ಎಂದು ನಾನು ಕೇಳಿದೆ.

"ಬಿದ್ದಿತ್ತು. ಆದ್ರ ಆ ಕೈಗ ಅಂಜಿಕಿನೇ ಇಲ್ಲ ತಂಗೆವ್ವ. ಅಂಥ ಕೈಯಾಗ ಸೂಜಿ ಕೊಟ್ರ ಅದು ದಬ್ಬಣ ಆಗ್ತದ. ಅಂಜೂ ಕೈಗೆ ಕಲಸಬಹುದು. ಅಂಜಲಾರದ ಕೈಗೆ ಅಂಜಿಕಿ ಕಲಸಾಕ ನನ್ನ ಕಡಿಂದ ಆಗಂಗಿಲ್ಲ."

ಮೂರು ತಿಂಗಳು ನನ್ನಿಂದ ಹಳೆಯ ಕೌದಿಯ ಸುರುಳಿಗೆ ಸೂಜಿ ಹಾಕಿಸಿದರು. ಆಮೇಲೆ ಸಾಬೂನಿಗೆ, ಆಮೇಲೆ ನನ್ನದೇ ಕಾಲಿಗೆ. ಮೂರು ಬೆರಳಿಟ್ಟು ನಾಡಿ ನೋಡುವುದನ್ನು ಸಿಕ್ಕಸಿಕ್ಕವರ ಮೇಲೆಲ್ಲ ಮಾಡಿಸಿದರು. ಹಾಲಿನವಳನ್ನೂ ಅಂಚೆಯವನನ್ನೂ ಬಿಡಲಿಲ್ಲ. ಅವ್ವ ತಲೆ ಚಚ್ಚಿಕೊಂಡಳು. "ಜಂಪರ್ ಹೊಲಿಯಾಕಿ ಈಗ ಮಂದಿ ಮೈ ಹೊಲಿಯಾಕ ಹೊಂಟಾಳ" ಎಂದು ಓಣಿ ತುಂಬ ಹೇಳಿಕೊಂಡು ಬಂದಳು.

ಮಾಸ್ತರರ ಪದ್ಧತಿ ಒಂದಿತ್ತು. ರೋಗಿ ಬಂದ ಕೂಡಲೇ ಸೂಜಿ ಮುಟ್ಟುವಂತಿಲ್ಲ. ಪಾಟಿಯ ಮೇಲೆ ಬಳಪದಿಂದ ಕೈ, ಕಾಲು ಬರೆದು, ಎಲ್ಲೆಲ್ಲಿ ಹಾಕುತ್ತೇವೋ ಅಲ್ಲಿ ಚುಕ್ಕೆ ಇಡಬೇಕು. ಅವರು ನೋಡಿ ಹೂಂ ಅಂದ ಮೇಲೆಯೇ ಹಾಕಬೇಕು. ಪಾಟಿ ಸಂಜೆಯ ತನಕ ತೊಳೆಯಬಾರದು. ಬಸುರಿಗೆ ಹಾಕಬಾರದ ಜಾಗಗಳನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು, ಅದರಲ್ಲಿ ಮೊದಲನೆಯದು ಕೂಡುಕಣಿವೆ. ಹಾಕಿದರೆ ಗರ್ಭ ಇಳಿಯುತ್ತದೆ ಎನ್ನುವುದು ಅವರ ಗುರುವಿನ ಮಾತು. ಆದ್ದರಿಂದ ಹೆಂಗಸರು ಬಂದರೆ ಮಾಸ್ತರರು ಗೋಡೆಯ ಕಡೆ ಮುಖ ತಿರುಗಿಸಿ, "ಮುಟ್ಟಾಗಿ ಎಷ್ಟು ದಿನ ಆತು, ತಾಯಿ" ಎಂದು ಕೇಳುತ್ತಿದ್ದರು. ಮುದುಕರೆಂದು ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ನಾನು ಸೇರಿ ಮೂರು ವರ್ಷವಾಗಿತ್ತು. ಶ್ರಾವಣದಲ್ಲಿ ಅವರು ಕಣ್ಣಿನ ಪೊರೆ ತೆಗೆಸಲು ಎರಡು ದಿನ ಯಾದಗಿರಿಗೆ ಹೋದರು. ಹೋಗುವಾಗ, "ಹಳೇ ಮಂದಿಗಷ್ಟ ಹಾಕು. ಹೊಸಬರು ಬಂದ್ರ ನಾಳಿ ಬರ್ರಿ ಅನ್ನು" ಎಂದು ಎರಡು ಸಲ ಹೇಳಿದ್ದರು.

ಮರುದಿನ ಹನ್ನೊಂದರ ಹೊತ್ತಿಗೆ ಕಕ್ಕೇರಾದಿಂದ ಅತ್ತೆ ಸೊಸೆ ಬಂದರು. ಎರಡು ಬಸ್ ಬದಲಿಸಿ ಬಂದಿದ್ದರು. ಸೊಸೆಗೆ ನಾಲ್ಕು ದಿನದಿಂದ ತಲೆ ಸಿಡಿಯುತ್ತಿತ್ತು, ಬಿಳುಚಿಕೊಂಡಿದ್ದಳು, ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದ್ದಳು. ನಾಳೆ ಬನ್ನಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಖರೆ ಹೇಳಬೇಕೆಂದರೆ, ಮಾಸ್ತರರಿಲ್ಲದೆಯೂ ನನಗೆ ಬರುತ್ತದೆ ಎನ್ನುವ ಸೊಕ್ಕೂ ಇತ್ತು. ಪಾಟಿಯ ಮೇಲೆ ಚುಕ್ಕೆ ಇಟ್ಟೆ. "ಮುಟ್ಟು ಸರಿ ಆಗ್ಯಾವೇನು ತಂಗಿ?" ಎಂದು ಕೇಳಿದೆ. ಸೊಸೆ ತನ್ನ ಕಾಲುಂಗುರ ನೋಡುತ್ತ ಕುಳಿತಳು. ಅತ್ತೆಯೇ, "ಎಲ್ಲಾ ಸರಿ ಅದಾವವ್ವ, ನೀ ಹಾಕು" ಎಂದಳು. ಎರಡೂ ಕೈಯ ಕೂಡುಕಣಿವೆಗೆ ಹಾಕಿದೆ. ಕಾಲು ತಾಸಿನಲ್ಲಿ ಹುಡುಗಿಯ ಹುಬ್ಬು ಸಡಿಲವಾಯಿತು, ಗೋಡೆಗೆ ಒರಗಿ ಸಣ್ಣ ನಿದ್ದೆಯನ್ನೂ ಮಾಡಿದಳು.

ಸೊಸೆ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ನನ್ನ ಕಿವಿಯ ಹತ್ತಿರ ಬಂದಳು. "ಇನ್ನಾ ಮೂರು ತುಂಬಿಲ್ಲವ್ವ, ಅದಕ್ಕ ಬಾಯಿ ಬಿಡಲಿಲ್ಲ. ಮದಲ ಎರಡು ಹೋಗ್ಯಾವ. ಈ ಸರ್ತಿ ಗುಟ್ಟಾಗಿ ಇಟ್ಟೀವಿ, ಮನಿಯಾಗ ಗಂಡಸರಿಗೂ ಹೇಳಿಲ್ಲ. ನೀನೂ ಎಲ್ಲೂ ಆಡಬ್ಯಾಡ."

ನಮ್ಮ ಕಡೆಯ ಪದ್ಧತಿ ಅದು, ನನಗೆ ಗೊತ್ತಿಲ್ಲದ್ದೇನಲ್ಲ. ಮೂರು ತಿಂಗಳು ತುಂಬುವ ತನಕ ಬಸಿರನ್ನು ಬಾಯಿಬಿಟ್ಟು ಹೇಳಬಾರದು, ಅದೂ ಎರಡು ಹೋದ ಮನೆಯಲ್ಲಿ ಕೇಳುವುದೇ ಬೇಡ. ನಮ್ಮ ಅಕ್ಕನಿಗೂ ಹೀಗೇ ಮುಚ್ಚಿಟ್ಟಿದ್ದೆವು. ಗೊತ್ತಿದ್ದೂ ನಾನು ಅತ್ತೆಯ ಮುಂದೆಯೇ ಕೇಳಿದ್ದೆ, ಅತ್ತೆಯ ಉತ್ತರವನ್ನೇ ನಂಬಿದ್ದೆ. ವಾಂತಿಯನ್ನು ಬಸ್ಸಿನ ಲೆಕ್ಕಕ್ಕೆ ಹಾಕಿದ್ದೆ.  ಓಡಿಹೋಗಿ ಹೇಳಬೇಕು, ಇಲ್ಲೇ ದವಾಖಾನೆಗೆ ಕರೆದೊಯ್ಯಬೇಕು ಎಂದು ತಲೆ ಹೇಳುತ್ತಿತ್ತು, ಹೋಗಲಿಲ್ಲ. ಅವರಿಬ್ಬರೂ ರಸ್ತೆ ದಾಟಿ ಬಸ್‌ ಸ್ಟ್ಯಾಂಡ್ ಕಡೆ ತಿರುಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಒಳಗೆ ಬಂದು ಪಾಟಿ ತೊಳೆದೆ.

ಮಾಸ್ತರರು ಸಂಜೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ತಮ್ಮ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಉಳಿದೊಂದು ಕಣ್ಣಿನಿಂದ ಕೋಣೆಯನ್ನೆಲ್ಲ ನೋಡಿದರು.

"ಪಾಟಿ ಯಾಕ ತೊಳದಿ?"

ನಾನು ಹೇಳಿಬಿಟ್ಟೆ. ಅಳುತ್ತ, ತೊದಲುತ್ತ, ಒಂದೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಅವರಿಗೆ ಹೇಳಿದೇನು?"

"ಇಲ್ರಿ. ಅಂಜಿದ್ನಿರಿ."

"ಅಂಜು ಅಂತ ಕಲಸೀನಿ ನಾ. ಮುಚ್ಚಿಡು ಅಂತ ಕಲಸಿಲ್ಲ. ನೀ ಅಂಜಿದ್ದು ಆ ಹುಡುಗಿ ಸಲುವಾಗಿ ಅಲ್ಲ, ನಿನ್ನ ಸಲುವಾಗಿ." ಕಣ್ಣಿನ ಪಟ್ಟಿ ಬಿಗಿ ಮಾಡಿಕೊಂಡರು. "ಮುಂಜಾನೆ ಮದಲನೇ ಬಸ್ ಎಷ್ಟಕ್ಕದ?"

ಕಣ್ಣಿನ ಪಟ್ಟಿಯೊಡನೆ ಧೂಳಿನಲ್ಲಿ ಬರಬೇಡಿ ಎಂದು ನಾನೂ ಹೇಳಿದೆ, ಅವ್ವನೂ ಹೇಳಿದಳು. ಕೇಳಲಿಲ್ಲ.  ಸುರಪುರದಲ್ಲಿ ಬಸ್ ಬದಲಿಸಿ ಕುಳಿತ ಮೇಲೆ, ಕಾಲುವೆಯ ಗದ್ದೆಗಳ ಕಡೆ ನೋಡುತ್ತ, ತಾವು ಯಾರಿಗೂ ಹೇಳದ ಒಂದು ಮಾತು ಹೇಳಿದರು. ಕಲ್ಕತ್ತೆಯಲ್ಲಿ ಕಲಿಯುವಾಗ ಅವರು ಒಬ್ಬನ ಭುಜಕ್ಕೆ ಸೂಜಿ ಆಳವಾಗಿ ಹಾಕಿ, ಅವನಿಗೆ ಉಸಿರು ಸಿಗದಂತಾಗಿ ದವಾಖಾನೆಗೆ ಸೇರಿಸಬೇಕಾಯಿತಂತೆ. ಪೊಲೀಸರ ತನಕ ಹೋಯಿತಂತೆ.

"ಪೊಲೀಸ್ ಅಂದ್ರ ಜೀವ ಬಿಡೂ ಮನಿಷ್ಯಾ ನಮ್ಮ ಗುರು. ಅಂಥಾತ ತಾನಾಗೇ ಠಾಣೆಕ್ಕ ಹೋಗಿ, ನಾನ ಹಾಕೇನಿ ಅಂದ. ನನಗ ಬಾಯಿ ಬಿಡಾಕ ಕೊಡಲಿಲ್ಲ. ಆ ರೋಗಿ ಉಳಕೊಂಡ. ಆದ್ರ ಗುರು ಠಾಣೆದಾಗ ನಿಂತಾಗ ಆತನ ಪಾಯಜಾಮ ಹಸಿ ಆಗಿತ್ತು, ತಂಗೆವ್ವ. ನಾ ಕಣ್ಣಾರೆ ನೋಡೀನಿ."

ಆ ಮಾತು ಕೇಳಿದ ಮೇಲೆ ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ನಾನು ಬೇಡಿಕೊಂಡೆ. ನಿಲ್ಲಲಿಲ್ಲ.

ಹಿಂದಿನ ದಿನ ಅತ್ತೆ ತಮ್ಮದು ಹಿಟ್ಟಿನ ಗಿರಣಿಯ ಮನೆ ಎಂದಿದ್ದಳು, ಸಿಕ್ಕಿತು. ಅತ್ತೆ ಪಡಸಾಲೆಯಲ್ಲಿ ಮೊರದ ತೊಗರಿಬೇಳೆ ಆರಿಸುತ್ತ ಕುಳಿತಿದ್ದಳು. ನಮ್ಮನ್ನು ನೋಡಿ ಸಂತೋಷದಿಂದ ಎದ್ದು, ಬರ್ರಿ ಬರ್ರಿ ಎಂದು ಚಾಪೆ ಹಾಸಿದಳು. ಮಾಸ್ತರರು ಕುಳಿತುಕೊಳ್ಳಲಿಲ್ಲ. ಮನೆಯಲ್ಲಿ ಗಂಡಸರಿಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ನೋಡಿ, "ಹೇಳು" ಎಂದರು.

ನಾನು ಹೇಳಿದೆ. ಬಸುರಿಗೆ ಹಾಕಬಾರದ ಜಾಗಕ್ಕೆ ಸೂಜಿ ಹಾಕಿದ್ದೇನೆ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕಳಿಸಿದ್ದೇನೆ ಎಂದೆ. ಅತ್ತೆ ಮತ್ತೆ ಎತ್ತಿಕೊಂಡಿದ್ದ ಮೊರ ಕೈಯಲ್ಲೇ ನಿಂತಿತು. ಒಳಗಿನ ಬಾಗಿಲಿಗೆ ಸೊಸೆ ಬಂದು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

"ಎರಡು ಹೋಗ್ಯಾವಂತ ಹೇಳಿದ್ನಲ್ಲ ನಿನಗ" ಎಂದಳು ಅತ್ತೆ. ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ಕೈ ಆಕೀದು, ಕಲಸಿದಾವ ನಾನು. ತಪ್ಪು ನಂದು" ಎಂದರು ಮಾಸ್ತರರು. "ಆಗೇ ಆಗ್ತದ ಅಂತಲ್ಲ ತಾಯಿ, ಆಗಲಾರದೂ ಇರಬಹುದು. ಇವತ್ತ ಸುರಪುರ ದವಾಖಾನಿಗೆ ತೋರಸೂಣು. ನಾವೂ ಕೂಡೇ ಬರತೀವಿ."

"ನಾ ಬಾಯಿ ಬಿಡಬೇಕಿತ್ತು" ಎಂದು ಸೊಸೆ ಒಳಗಿನಿಂದ ಅಂದಳು. ನಾನು ಅವಳ ದನಿ ಕೇಳಿದ್ದು ಅದೇ ಮೊದಲು.

ಅತ್ತೆ ಅವಳ ಕಡೆ ತಿರುಗಲಿಲ್ಲ. "ನಾವ ತೋರಸ್ಕೋತೀವಿ. ನಿಮ್ಮ ಜೋಡಿ ಎಲ್ಲಿಗೂ ಬರಂಗಿಲ್ಲ. ಇನ್ನ ಮ್ಯಾಲ ಈ ಹೊಸ್ತಿಲಾ ತುಳೀಬ್ಯಾಡ್ರಿ, ಸುದ್ದಿ ಕೇಳಾಕೂ ಬರಬ್ಯಾಡ್ರಿ" ಎಂದು ಬಾಗಿಲು ಮುಂದೆ ಮಾಡಿದಳು. ಮಾಸ್ತರರು ಮುಚ್ಚಿದ ಬಾಗಿಲಿಗೆ ಕೈಮುಗಿದು ಹೊರಟರು.

ಮರುದಿನ ನಾನು ಕೋಣೆಗೆ ಹೋಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೆ. ಮಾಸ್ತರರೇ ಮನೆಗೆ ಬಂದರು, ಸೂಜಿಯ ಡಬ್ಬಿ ತೆರೆದರು, ಎಡಗೈಯನ್ನು ಯಂತ್ರದ ಮೇಲೆ ಚಾಚಿದರು. "ಹಾಕು" ಎಂದರು. ನಾನು ಒಲ್ಲೆ ಎಂದೆ. "ಇವತ್ತ ಹಾಕದಿದ್ರ ನೀ ಮುಂದ ಹಾಕಂಗಿಲ್ಲ" ಎಂದರು. ಹಾಕಿದೆ. ಆ ಗಟ್ಟಿ ಚರ್ಮದಲ್ಲಿ ಸೂಜಿ ಮೂರು ಸಲ ಬಾಗಿತು.

ಅವರು ಹುಣಸೆಬೀಜದ ಉಪಾಯ ಮಾಡಿದ್ದು ಆಗಲೇ. ಕೋಣೆಯ ಮೂಲೆಗೆ ಒಂದು ಪರದೆ ಕಟ್ಟಿ, ಅದರ ಹಿಂದೆ ಕೈ ತೊಳೆಯಲು ನೀರು, ಒಂದು ಬಟ್ಟಲು ತುಂಬ ಹುಣಸೆಬೀಜ, ಒಂದು ಖಾಲಿ ಗಡಿಗೆ ಇಟ್ಟರು. ಯಾವ ಹೆಂಗಸೇ ಬರಲಿ, ಸೂಜಿಗೆ ಮೊದಲು ಒಬ್ಬಳೇ ಒಳಗೆ ಹೋಗಿ ಕೈ ತೊಳೆಯಬೇಕು. ಬಸಿರೆಂಬ ಅನುಮಾನ ಇದ್ದರೆ ಒಂದು ಬೀಜ ಗಡಿಗೆಗೆ ಹಾಕಿ ಬರಬೇಕು. "ಬಾಯಿಲೇ ಹೇಳಬಾರದು ಅಂತದ ಪದ್ಧತಿ. ಕೈಲೇ ಹೇಳಬಾರದು ಅಂತ ಎಲ್ಲದ?" ಎಂದರು. ಈಗಲೂ ನಾನು ಗಡಿಗೆ ನೋಡದೆ ಡಬ್ಬಿ ತೆರೆಯುವುದಿಲ್ಲ.

ಹೆರಿಗೆಯ ತನಕದ ಆ ಏಳು ತಿಂಗಳನ್ನು ಹೇಗೆ ಕಳೆದೆನೋ. ಸುರಪುರದ ಬಸ್ಸು ಬರುವ ಹೊತ್ತಿಗೆ ಪಾಟಿಯ ಮೇಲೆ ಇಟ್ಟ ಚುಕ್ಕೆಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದೆ. ಬಾಗಿಲಲ್ಲಿ ಯಾರಾದರೂ ಗಂಡಸರು ನಿಂತರೆ ಆ ಮನೆಯವರೇ ಎನ್ನಿಸುತ್ತಿತ್ತು. ದಿನ ತುಂಬುವ ಮಾಘ ಬಂತು, ಹೋಯಿತು. ಸುದ್ದಿ ಇಲ್ಲ. ಹೋಗಿ ಕೇಳಿ ಬರಲೇ ಎಂದರೆ ಮಾಸ್ತರರು ಬಿಡಲಿಲ್ಲ. "ಕೇಳಬ್ಯಾಡ್ರಿ ಅಂದಾಳ ಆ ತಾಯಿ. ಈಗ ನೀ ಹೋಗೂದು ನಿನ್ನ ಸಮಾಧಾನಕ್ಕ, ಆಕೀ ಸಲುವಾಗಿ ಅಲ್ಲ. ಗರ್ಭ ಹೋಗಿದ್ರ ಬೈಯಾಕರ ಬರತಿದ್ರು, ಬಂದಿಲ್ಲ. ಅಷ್ಟ ಹಿಡಕೊಂಡು ಇರು."

"ಖರೇನ ಆ ಸೂಜಿಯಿಂದ ಗರ್ಭ ಇಳೀತದೇನ್ರಿ?" ಎಂದು ಒಮ್ಮೆ ಕೇಳಿದೆ.

"ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಅಂಜೂದು."

ನನಗೆ ಹೀಗೆ ಹೇಳಿದವರು ತಾವು ಮಾತ್ರ ಸುರಪುರದ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ನಾನು ಕಂಡೂ ಕಾಣದಂತೆ ಇರುತ್ತಿದ್ದೆ.

ಮರುವರ್ಷ ದಸರೆಯ ಹೊತ್ತಿಗೆ ಅವರ ಎದೆ ಸೋತಿತು. ಕಲಬುರಗಿಯ ದೊಡ್ಡ ದವಾಖಾನೆಯಿಂದ, ಮನೆಗೆ ಒಯ್ಯಿರಿ ಎಂದು ಕಳಿಸಿದರು. ತಮ್ಮನ ಮಕ್ಕಳು ಮುದನಾಳಕ್ಕೆ ಕರೆದುಕೊಂಡು ಹೋದರು. ಗುರುವಿನ ಫೋಟೊ, ಸೂಜಿಯ ಡಬ್ಬಿ, ಕೋಣೆಯ ಕೀಲಿ ನನ್ನ ಕೈಗೆ ಬಂದವು. ನಾನು ಭಾನುವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಅಲ್ಲಿಯೂ ಮಂಚವನ್ನು ಗೋಡೆಗೆ ಹಚ್ಚಿ, ಬಾಗಿಲು ಕಾಣುವ ಹಾಗೆ ಹಾಕಿಸಿಕೊಂಡಿದ್ದರು.

ಕೊನೆಯ ಭಾನುವಾರ ಮಧ್ಯಾಹ್ನ ಅವರಿಗೆ ಮಾತು ಕಷ್ಟವಾಗುತ್ತಿತ್ತು. ನನ್ನನ್ನು ಗುರುತಿಸಿ, ಮೆಲ್ಲಗೆ, "ಕಕ್ಕೇರಾದಿಂದ ಯಾರರ ಬಂದಿದ್ರೇನು?" ಎಂದರು.

ಬಂದಿಲ್ಲ ಎಂದು ಹೇಗೆ ಹೇಳಲಿ? ನನ್ನ ಕೈಯ ತಪ್ಪನ್ನು ಹೊತ್ತುಕೊಂಡ ಮನುಷ್ಯ ಅದೇ ಅಂಜಿಕೆಯಲ್ಲಿ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ. "ಬಂದಿದ್ರು ಮಾಸ್ತರ್ರ" ಎಂದೆ. "ಹೆಣ್ಣು ಕೂಸಂತ. ತಾಯಿ ಮಗಳು ಛಲೋ ಅದಾರಂತ."

ಅವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಮೂರು ಬೆರಳು, ತಮ್ಮ ತಮ್ಮ ಜಾಗದಲ್ಲಿ.  ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ನಾಡಿ ಬ್ಯಾರೇ ಹೇಳಾಕತ್ತದಲ್ಲ, ತಂಗೆವ್ವ" ಎಂದರು. ತುಟಿಯ ಒಂದು ಬದಿ ನಕ್ಕ ಹಾಗಿತ್ತು. "ಇರಲಿ."

ಬೆರಳು ತೆಗೆಯಲಿಲ್ಲ. ನಾನು ಬಸ್ಸಿಗೆ ಏಳುವ ತನಕ ಹಾಗೇ ಮಲಗಿದ್ದರು. ಗುರುವಾರ ಸುದ್ದಿ ಬಂತು. ನಮ್ಮ ಕಡೆಯ ರೂಢಿಯಂತೆ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಟ್ಟರು. ಅದಕ್ಕೆ ಮೊದಲು ನಾನು ಅವರ ಎಡಗೈ ಮುಟ್ಟಿದೆ. ಮೈಯೆಲ್ಲ ಬಿಗಿದುಕೊಂಡಿತ್ತು, ಆ ಕಾಳಿನಷ್ಟು ಜಾಗ ಮಾತ್ರ ಎಂದಿನಷ್ಟೇ ಗಟ್ಟಿ ಇತ್ತು. ನಾನು ಜೋರಾಗಿ ಅತ್ತುಬಿಟ್ಟೆ.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಸೋಮವಾರ ಮುಂಜಾನೆ, ಎರಡು ಫೋಟೊಗಳ ಮುಂದೆ ಎರಡು ಕಪ್ ಕರಿ ಚಹಾ ಇಟ್ಟು ನಿಂತಿದ್ದೆ. ಹಿಂದೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಕಕ್ಕೇರಾದ ಅತ್ತೆ, ಅವಳ ಹಿಂದೆ ಸೊಸೆ. ಸೊಸೆಯ ಬಗಲಲ್ಲಿ ಬೋಳುತಲೆಯ ಒಂದು ಹೆಣ್ಣುಕೂಸು, ಒಂದು ವರ್ಷ ದಾಟಿದ್ದು, ತಾಯಿಯ ತಾಳಿಯ ಗುಂಡು ಬಾಯಲ್ಲಿ ಹಾಕಿಕೊಂಡಿತ್ತು.

"ಹೊಸ್ತಿಲಾ ತುಳೀಬ್ಯಾಡ್ರಿ ಅಂದಾಕಿ ನಾನ ತುಳದು ಬಂದೀನಿ" ಎಂದಳು ಅತ್ತೆ. "ಕೂಸು ಉಳೀಲಿ ಅಂತ ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಉರುಳಸಿ ತಿಪ್ಪವ್ವ ಅಂತ ಹೆಸರಿಟ್ಟೀವಿ. ಹುಟ್ಟುಗೂದಲಾ ಬೋಳಿಸಿ ಜವಳ ತಗಿಯೂತನ ಕೂಸಿನ ಸುದ್ದಿ ಊರ ಹೊರಗ ಹೋಗಬಾರದು ಅಂತ ಹರಕಿ ಹೊತ್ತಿದ್ವಿ. ಮೊನ್ನೆ ಜವಳ ಆತು. ಮದಲ ಇವರಿಗೇ ತೋರಸಬೇಕಂತ ಬಂದೀವಿ. ಎಲ್ಲ್ಯಾರ ಮಾಸ್ತರು?"

ನಾನು ಫೋಟೊ ತೋರಿಸಿದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೇ ಕುಳಿತಳು. ನನಗೆ ಸಿಟ್ಟು ಬಂದಿತ್ತು. ಒಂದು ಮಾತು, ಯಾರ ಕೈಯಲ್ಲಾದರೂ ಒಂದೇ ಮಾತು ಹೇಳಿ ಕಳಿಸಿದ್ದರೆ ಆ ಜೀವ ಹಗುರಾಗಿ ಹೋಗುತ್ತಿತ್ತು ಎಂದು ಅನ್ನಬೇಕೆಂದಿದ್ದೆ. ಅನ್ನಲಿಲ್ಲ. ಮುಚ್ಚಿಟ್ಟವಳು ಅವಳೊಬ್ಬಳೇ ಅಲ್ಲ, ಮತ್ತು ಅವಳು ಮುಚ್ಚಿಟ್ಟದ್ದು ಕೂಸಿಗಾಗಿ.

ಕೂಸನ್ನು ಎತ್ತಿಕೊಂಡೆ. ನನ್ನ ಕೈ ಆ ಮೊದಲ ದಿನದ ಹಾಗೆಯೇ ನಡುಗುತ್ತಿತ್ತು. ಕೂಸು ಗುರುವಿನ ಚಹಾದ ಕಪ್ಪಿಗೆ ಕೈ ಹಾಕಲು ಹೋಯಿತು, ಅದರ ತಾಯಿ ಗದರಿದಳು. ನಾನು ಕೂಸನ್ನು ಒಂದು ಬಗಲಿಗೆ ಸರಿಸಿಕೊಂಡು, ಇನ್ನೊಂದು ಕೈಯ ಬಳೆ ಮೇಲಕ್ಕೆತ್ತಿ, ಮಣಿಕಟ್ಟನ್ನು ಮಾಸ್ತರರ ಫೋಟೊದ ಮುಂದೆ ಹಿಡಿದೆ.

"ಮಾಸ್ತರ್ರ, ಕಕ್ಕೇರಾದಿಂದ ಬಂದಾರ್ರಿ. ಹೆಣ್ಣು ಕೂಸು. ಈಗ ನಾಡಿ ನೋಡ್ರಿ."